ಫೆಬ್ರವರಿ 11ರ ಆಸುಪಾಸಿನಲ್ಲಿ ಜಪಾನಿನ ಸಪ್ಪೊರೊದಿಂದ ಹಳೇ ಕಲ್ಲಿದ್ದಲು ಗಣಿ ಊರು ಯೂಬಾರಿಗೆ ಅರ್ಧ ದಿನ ಸಾಕಾ? ಫೋಟೋಗೆ ಪಾಳುಬಿದ್ದ ಗಣಿ ಮನೆಗಳು ಎಲ್ಲಿ ಸಿಗುತ್ತವೆ?

ಸಾಲದು. ಪಾಳು ಮನೆ ಹುಡುಕಿಕೊಂಡು ಹೋಗುವುದಾದರೆ ಹೋಗಲೇ ಬೇಡಿ. ನಾನೂ ಫೆಬ್ರವರಿಯಲ್ಲೇ ಹೋದವನು. ಟೋಕಿಯೊದಿಂದ ಸಪ್ಪೊರೊದ ಹಿಮ ಹಬ್ಬ ನೋಡಲು ಬಂದಿದ್ದೆ. ವಾಪಸ್ ಹೊರಡುವ ದಿನ ರಾತ್ರಿ ವಿಮಾನ ಇತ್ತು, ಅಲ್ಲಿಯವರೆಗೆ ಸುಮ್ನೆ ಕೂರುವ ಬದಲು ಯೂಬಾರಿ ನೋಡಿಬಿಡೋಣ ಅಂತ ಹೊರಟೆ.

ಮೊದಲು ದಾರಿ ವಿಷಯ. ಎಕ್ಸ್‌ಪ್ರೆಸ್ ರೈಲು ನಿಲ್ಲುವ ಶಿನ್-ಯೂಬಾರಿಯಲ್ಲಿ ಇಳಿದರೆ ಊರು ಬಂತು ಅಂತಲ್ಲ. ಹಳೇ ಪೇಟೆ ಅಲ್ಲಿಂದ ಕಣಿವೆಯೊಳಗೆ ಇನ್ನೂ ಸುಮಾರು 16 ಕಿಲೋಮೀಟರ್ ದೂರ. ಅಲ್ಲಿಗೆ ಹೋಗುತ್ತಿದ್ದ ಕವಲು ರೈಲು 2019ರ ಮಾರ್ಚ್ 31ಕ್ಕೆ ನಿಂತುಹೋಯಿತು. ಈಗ ಬಸ್ಸೇ ಗತಿ, ಬಸ್ಸುಗಳೂ ಕಡಿಮೆ.

ನಾನು ಕೆಟ್ಟಿದ್ದು ಈ ಬಸ್ಸಿನ ವೇಳಾಪಟ್ಟಿಯಲ್ಲಿ. ಇದನ್ನ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಹೇಳಿರುವ ತಾರೀಖುಗಳಲ್ಲೂ ಫೆಬ್ರವರಿ 11 ಇದೆ. ಜಪಾನಿನಲ್ಲಿ ವೇಳಾಪಟ್ಟಿಗೆ ಸಾಮಾನ್ಯವಾಗಿ ಎರಡು ಕಾಲಂ. ಒಂದು ಕೆಲಸದ ದಿನಗಳಿಗೆ, ಇನ್ನೊಂದು ಶನಿವಾರ, ಭಾನುವಾರ ಮತ್ತು ಸರ್ಕಾರಿ ರಜೆಗೆ. ಫೆಬ್ರವರಿ 11 ದೇಶ ಸ್ಥಾಪನೆಯ ದಿನ, ಸರ್ಕಾರಿ ರಜೆ. ನಾನು ಹೋದದ್ದು ಅದೇ ದಿನ, ಅವತ್ತು ವಾರದ ನಡುವಿನ ದಿನ ಆಗಿತ್ತು. ಆಫೀಸಿಗೆ ಹೋಗುತ್ತಿದ್ದರೆ ರಜೆ ಅಂತ ತಲೆಯಲ್ಲಿ ಇರುತ್ತಿತ್ತು, ಆದರೆ ಆ ವಾರ ಪೂರ್ತಿ ನಾನೇ ರಜೆ ಹಾಕಿದ್ದರಿಂದ ತಾರೀಖಿನ ಕಡೆ ಗಮನವೇ ಇರಲಿಲ್ಲ, ವಾರದ ದಿನ ನೋಡಿ ಕೆಲಸದ ದಿನದ ಕಾಲಂನಿಂದ ವಾಪಸ್ ಬಸ್ಸಿನ ಸಮಯ ಬರೆದುಕೊಂಡೆ. ಆ ಹೊತ್ತಿಗೆ ಬಸ್ಸು ಬರಲಿಲ್ಲ. ಹಿಮ ಒಂದೇ ಸಮನೆ ಬೀಳುತ್ತಿತ್ತು, ರಸ್ತೆ ಕೆಟ್ಟಿರಬೇಕು, ತಡ ಆಗಿದೆ ಅಂದುಕೊಂಡೆ. ಕೆಟ್ಟ ಹವೆಯಲ್ಲಿ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಹಾಗೇ ಕಾಯುತ್ತಾ ನಿಂತೆ. ಆ ಕಾದ ಹೊತ್ತೇ ನನ್ನ ವಿಮಾನ ತಪ್ಪಿಸಿದ್ದು. ಮೊದಲ ಹತ್ತು ನಿಮಿಷಕ್ಕೇ ಯಾರನ್ನಾದರೂ ಕೇಳಿದ್ದರೆ ಟ್ಯಾಕ್ಸಿ ಹಿಡಿದು ರೈಲಿಗೆ ಸೇರಬಹುದಿತ್ತು.

ಕೊನೆಗೆ ಎದುರಿನ ಅಂಗಡಿಯ ಅಜ್ಜಿಯೇ ಬಾಗಿಲು ತೆಗೆದು ಒಳಗೆ ಕರೆದರು. ನನ್ನ ಮೊಬೈಲಿನಲ್ಲಿದ್ದ ಪಟ್ಟಿ ನೋಡಿ, "ಇವತ್ತು ರಜೆ ಅಲ್ವಾ?" ಅಂತ ಪಕ್ಕದ ಕಾಲಂ ಮೇಲೆ ಬೆರಳಿಟ್ಟರು. ಟ್ಯಾಕ್ಸಿಗೆ ಫೋನ್ ಮಾಡಿದವರೂ ಅವರೇ. ಟ್ಯಾಕ್ಸಿ ಬಂದು, ಶಿನ್-ಯೂಬಾರಿ ಸೇರಿ, ಮುಂದಿನ ರೈಲು ಹಿಡಿದು ವಿಮಾನ ನಿಲ್ದಾಣ ಮುಟ್ಟುವಷ್ಟರಲ್ಲಿ ವಿಮಾನ ಹೋಗಿತ್ತು. ಕಡಿಮೆ ಬೆಲೆಯ ಟಿಕೆಟ್, ಒಂದು ಯೆನ್ ವಾಪಸ್ ಬರಲಿಲ್ಲ. ಟ್ಯಾಕ್ಸಿ, ಹೋಟೆಲ್, ಹೊಸ ಟಿಕೆಟ್ ಸೇರಿ ಇಡೀ ಪ್ರವಾಸದ ಖರ್ಚಿನಷ್ಟಾಯಿತು.

ಟ್ಯಾಕ್ಸಿಗೆ ಕಾಯುವಾಗ ಆ ಅಜ್ಜಿ ನನಗೆ ಚಹಾ ಕೊಟ್ಟು ಕೇಳಿದ್ದು ಒಂದೇ: ಏನು ನೋಡಲು ಬಂದಿದ್ದೆ? ನನ್ನ ಕ್ಯಾಮೆರಾ ತುಂಬ ಹಿಮಕ್ಕೆ ಮಾಡು ಕುಸಿದ ಮನೆಗಳಿದ್ದವು, ಅವರಿಗೆ ತೋರಿಸಲು ಮನಸ್ಸು ಬರಲಿಲ್ಲ. ಅವು ಅವರ ನೆರೆಮನೆಯವರು ಬಿಟ್ಟುಹೋದ ಮನೆಗಳು ತಾನೇ? ಅದಕ್ಕೇ ನಿಮ್ಮ ಎರಡನೇ ಪ್ರಶ್ನೆಗೆ ನಾನು ಜಾಗ ಹೇಳುವುದಿಲ್ಲ. ಮೇಲಾಗಿ ಅಪಾಯ, ಹಿಮದ ಅಡಿಯಲ್ಲಿ ಚರಂಡಿ ಇದೆಯಾ ಮೆಟ್ಟಿಲಿದೆಯಾ ಕಾಣುವುದಿಲ್ಲ.

ಯೂಬಾರಿ ಸತ್ತ ಊರಲ್ಲ. 1960ರಲ್ಲಿ ಇಲ್ಲಿ ಸುಮಾರು 1 ಲಕ್ಷ 17 ಸಾವಿರ ಜನ ಇದ್ದರು, ಈಗ 7,000ಕ್ಕೂ ಕಡಿಮೆ. 1981ರ ಅಕ್ಟೋಬರ್‌ನಲ್ಲಿ ಹೊಸ ಗಣಿಯಲ್ಲಿ ಅನಿಲ ನುಗ್ಗಿ, ಬೆಂಕಿ ಹತ್ತಿ 93 ಜನ ಸತ್ತರು. ಒಳಗೆ ಸಿಕ್ಕಿಕೊಂಡವರು ಇನ್ನೂ ಹೊರಬಂದಿರಲಿಲ್ಲ, ಆಗಲೇ ಬೆಂಕಿ ಆರಿಸಲು ಗಣಿಗೆ ನೀರು ಬಿಟ್ಟರು. ಮನೆಯವರಿಂದ ಅದಕ್ಕೆ ಒಪ್ಪಿಗೆ ಕೇಳಬೇಕಾಯಿತು. ಇದನ್ನ ಓದಿದ ಮೇಲೆ ಆ ಕಣಿವೆ ನನಗೆ ಬೇರೆಯೇ ಥರ ಕಂಡಿತು. ಕೊನೆಯ ಗಣಿ ಮುಚ್ಚಿದ್ದು 1990ರಲ್ಲಿ. ಪ್ರವಾಸಿಗರಾದರೂ ಬರಲಿ ಅಂತ ನಗರಸಭೆ ಥೀಮ್ ಪಾರ್ಕು, ಹೋಟೆಲು, ಸ್ಕೀ ಇಳಿಜಾರು ಅಂತ ಸಾಲದ ಮೇಲೆ ಸಾಲ ಮಾಡಿತು. 2007ರಲ್ಲಿ ಸುಮಾರು 3,530 ಕೋಟಿ ಯೆನ್ ಹೊರೆಯೊಂದಿಗೆ ದಿವಾಳಿ. ನೌಕರರ ಸಂಬಳ ಕಡಿತ, ಪ್ರಾಥಮಿಕ ಶಾಲೆಗಳೆಲ್ಲ ಸೇರಿ ಒಂದೇ ಶಾಲೆ. ಆ ಕವಲು ರೈಲನ್ನು ನಿಲ್ಲಿಸಿ, ಬದಲಿಗೆ ಬಸ್ಸಿಗೆ ಸಹಾಯ ಕೊಡಿ ಅಂತ 2016ರಲ್ಲಿ ಮುಂದೆ ಬಂದವರೇ ಆಗಿನ ಮೇಯರ್ ನಾವೊಮಿಚಿ ಸುಜುಕಿ. ಅವರು ಈಗ ಈ ಊರಿರುವ ಹೊಕ್ಕೈಡೊ ಪ್ರಾಂತ್ಯದ ಗವರ್ನರ್.

ನೋಡಬೇಕಾದ್ದು ಈ ಊರು ತನ್ನನ್ನು ತಾನೇ ಹೇಗೆ ಚಿಕ್ಕದು ಮಾಡಿಕೊಳ್ಳುತ್ತಿದೆ ಅನ್ನೋದನ್ನ. ಅದಕ್ಕೆ ಹಳೇ ಪೇಟೆಗಿಂತ ಊರಿನ ಇನ್ನೊಂದು ಭಾಗವಾದ ಶಿಮಿಜುಸಾವಾ ಕಡೆ ಹೋಗಿ. ಚದುರಿದ್ದ ಜನರನ್ನು ಹತ್ತಿರ ತರಲು ಹೊಸ ಮನೆಗಳನ್ನು ಅಲ್ಲೇ ಕಟ್ಟಿದ್ದಾರೆ. 2020ರಲ್ಲಿ ತೆರೆದ ರಿಸುತಾ ಎಂಬ ಕಟ್ಟಡದಲ್ಲಿ ಲೈಬ್ರರಿ ಇದೆ, ಬೆಚ್ಚಗೆ ಕೂತು ಬಸ್ ಕಾಯಬಹುದು. ಹತ್ತಿರದಲ್ಲೇ ಗಣಿ ಕಲ್ಲಿನ ತ್ಯಾಜ್ಯ ಸುರಿದು ಆದ ಗುಡ್ಡ ಇದೆ, ಕೆಜಿಎಫ್‌ನ ಸೈನೈಡ್ ದಿಬ್ಬ ನೋಡಿದವರಿಗೆ ವಿವರಿಸಬೇಕಾಗಿಲ್ಲ. ಚಳಿಗಾಲದಲ್ಲಿ ಹತ್ತಲು ಹೋಗಬೇಡಿ, ಕೆಳಗಿಂದ ನೋಡಿ. ಊಟಕ್ಕೆ ಕರಿ ಸೋಬಾ, ಅಂದರೆ ಮಸಾಲೆ ಸಾರಿನ ನೂಡಲ್ಸ್, ಕೇಳಿ, ಗಣಿ ಕಾಲದಿಂದ ಈ ಊರಿನದೇ ಊಟ, ಚಳಿಯಲ್ಲಿ ಅದರಷ್ಟು ಹಿತ ಬೇರೆ ಇಲ್ಲ.

ಇನ್ನೊಂದು, ಕಲ್ಲಿದ್ದಲು ಮ್ಯೂಸಿಯಂ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಅದರ ಹತ್ತಿರ ಬೆಟ್ಟದ ಬದಿಯಲ್ಲೇ 24 ಅಡಿ ಪದರ ಅಂತ ಕರೆಯುವ ಕಲ್ಲಿದ್ದಲು ಬಯಲಿಗೆ ಕಾಣುತ್ತದೆ. 1888ರಲ್ಲಿ ಅದು ಸಿಕ್ಕಿದ ಮೇಲೆಯೇ ಊರು ಹುಟ್ಟಿದ್ದು. ನಿಮಗೆ ಗಣಿಯೇ ಮುಖ್ಯವಾದರೆ ಟಿಕೆಟ್ ಬದಲಿಸಿ ಜೂನ್, ಜುಲೈಗೆ ಹೋಗಿ, ಆಗ ಕಲ್ಲಂಗಡಿಗಿಂತ ಚಿಕ್ಕದಾದ ಕೇಸರಿ ತಿರುಳಿನ ಯೂಬಾರಿ ಮೆಲನ್ ಕೂಡ ಸಿಗುತ್ತದೆ. 2019ರ ಮೊದಲ ಹರಾಜಿನಲ್ಲಿ ಒಂದು ಜೋಡಿ 50 ಲಕ್ಷ ಯೆನ್‌ಗೆ ಹೋಗಿತ್ತು, ಹೆದರಬೇಡಿ, ಅಂಗಡಿಯಲ್ಲಿ ಹೋಳು ಮಾಡಿಯೂ ಮಾರುತ್ತಾರೆ. ಫೆಬ್ರವರಿಯಲ್ಲೇ ಹೋಗಬೇಕು ಅಂದರೆ ಒಂದು ರಾತ್ರಿ ಹತ್ತಿರದಲ್ಲೇ ಉಳಿಯುವ ಹಾಗೆ ಮಾಡಿಕೊಳ್ಳಿ, ಅದೇ ದಿನ ವಿಮಾನ ಇಟ್ಟುಕೊಳ್ಳಬೇಡಿ, ಬಸ್ ಹತ್ತುವಾಗಲೇ ಡ್ರೈವರ್‌ಗೆ ವಾಪಸ್ ಬಸ್ಸಿನ ಸಮಯ ತೋರಿಸಿ ಸರಿಯಾ ಅಂತ ಕೇಳಿ.