ಜರ್ಮನಿಯ ತೆರಿಗೆ ಕಾಗದ ಬಂದಿದೆ, ಆಕ್ಷೇಪ ಹಾಕಲೇ?

ಓದುಗರ ಪತ್ರ: ನಾನು ಹಾಸನದವನು. 2024ರ ಜುಲೈಯಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಸ್ಟುಟ್‌ಗಾರ್ಟಿಗೆ ಬಂದೆ. ಆ ವರ್ಷದ ತೆರಿಗೆ ಲೆಕ್ಕ ಕೊಟ್ಟಾಗ ಎರಡು ಸಾವಿರ ಯೂರೋಗೂ ಜಾಸ್ತಿ ವಾಪಸ್ ಬರುತ್ತೆ ಅಂತ ಸಾಫ್ಟ್‌ವೇರ್ ತೋರಿಸಿತ್ತು. ಆಮೇಲೆ ತೆರಿಗೆ ಕಚೇರಿಯವರು ಭಾರತದ ಸಂಬಳದ ದಾಖಲೆ ಕೇಳಿದರು. ಎರಡು ಫಾರಂ 16 ಕಳಿಸಿದೆ. ಈಗ 2025ರ ನವೆಂಬರ್ 6ರ ತಾರೀಖಿನ ಕಾಗದ ಬಂದಿದೆ, ನಾನೇ 220 ಯೂರೋ ಕಟ್ಟಬೇಕಂತೆ. ಭಾರತದಲ್ಲಿ ತೆರಿಗೆ ಕಟ್ಟಿದ ಸಂಬಳಕ್ಕೆ ಇಲ್ಲೂ ತೆರಿಗೆಯೇ? ಆಕ್ಷೇಪ ಹಾಕಿದರೆ ಮುಂದೆ ಪಿಆರ್ (ಇಲ್ಲೇ ಕಾಯಂ ಆಗಿ ಇರುವ ಪರವಾನಗಿ) ಸಿಗೋದು ಕಷ್ಟ ಅಂತ ಗೆಳೆಯರು ಹೆದರಿಸುತ್ತಿದ್ದಾರೆ. ಊರಲ್ಲಿರುವ ಅಮ್ಮನಿಗೆ ತಿಂಗಳು ತಿಂಗಳು ದುಡ್ಡು ಬೇರೆ ಕಳಿಸುತ್ತಿದ್ದೇನೆ.

ಸಂಪಾದಕರ ಉತ್ತರ: ಆಕ್ಷೇಪ ಹಾಕಿ. ಗಡುವು ಹತ್ತಿರವಿದ್ದದ್ದರಿಂದ ಇಷ್ಟನ್ನು ನಿಮಗೆ ಆಗಲೇ ಇಮೇಲ್ ಮಾಡಿದ್ದೆವು. ಆದರೆ ಇದೇ ತೊಡಕಿನಲ್ಲಿ ಸಿಕ್ಕಿಕೊಂಡ ಕನ್ನಡಿಗರು ಜರ್ಮನಿಯಲ್ಲಿ ಇನ್ನೂ ಇದ್ದಾರೆ, ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಆ ಹೆದರಿಕೆ ಬಿಡಿ. ಈ ಆಕ್ಷೇಪಕ್ಕೆ ಜರ್ಮನ್‌ನಲ್ಲಿ ಐನ್‌ಶ್ಪ್ರುಖ್ ಅಂತಾರೆ. ಅದು ಜಗಳವಲ್ಲ, ವೀಸಾ ಕಚೇರಿಗೆ ಹೋಗುವ ದೂರೂ ಅಲ್ಲ. ಲೆಕ್ಕವನ್ನು ಇನ್ನೊಮ್ಮೆ ನೋಡಿ ಅಂತ ಅದೇ ಫಿನಾನ್ಸ್‌ಆಮ್ಟ್‌ಗೆ, ಅಂದರೆ ತೆರಿಗೆ ಕಚೇರಿಗೆ, ಹೇಳುವ ದಾರಿ. ಕಾನೂನೇ ಕೊಟ್ಟಿರುವ ಹಕ್ಕು, ಶುಲ್ಕವಿಲ್ಲ. ಅಲ್ಲಿಯೇ ಹುಟ್ಟಿ ಬೆಳೆದವರೂ ಹಾಕುತ್ತಾರೆ. ನಮ್ಮವರು ಸರ್ಕಾರದ ಮುದ್ರೆ ಕಂಡ ಕೂಡಲೇ ತಲೆ ಬಗ್ಗಿಸಿ ದುಡ್ಡು ಕಟ್ಟಿಬಿಡುತ್ತಾರಲ್ಲ, ಅದು ನನಗೆ ನಿಜಕ್ಕೂ ಸಂಕಟ ತರುತ್ತದೆ.

ಇನ್ನು ನಿಮ್ಮ ಲೆಕ್ಕ. ಭಾರತದ ಸಂಬಳಕ್ಕೆ ಅವರು ನೇರವಾಗಿ ತೆರಿಗೆ ಹಾಕಿಲ್ಲ. ಆದರೆ ನೀವು ಬಂದ ವರ್ಷ, ಅಲ್ಲಿಗೆ ಬರುವ ಮುಂಚೆ ದುಡಿದದ್ದನ್ನೂ ಸೇರಿಸಿ ಶೇಕಡಾ ಎಷ್ಟು ತೆರಿಗೆ ಅಂತ ಮೊದಲು ಗೊತ್ತುಮಾಡುತ್ತಾರೆ, ಆಮೇಲೆ ಆ ದರವನ್ನು ಜರ್ಮನಿಯ ಆದಾಯಕ್ಕೆ ಮಾತ್ರ ಹಾಕುತ್ತಾರೆ. ಇದಕ್ಕೆ ಪ್ರೊಗ್ರೆಸಿಯೋನ್ಸ್‌ಫೋರ್‌ಬೆಹಾಲ್ಟ್ ಅಂತ ಹೆಸರು. ಈ ನಿಯಮದ ಮೇಲೆ ವಾದ ಮಾಡಬೇಡಿ, ಅದು ಅವರ ಕಾನೂನಿನಲ್ಲಿ ಸ್ಪಷ್ಟವಾಗಿದೆ, ಗೆಲ್ಲುವುದಿಲ್ಲ. ಸಾಫ್ಟ್‌ವೇರ್ ತೋರಿಸಿದ ಎರಡು ಸಾವಿರವೂ ಪೂರ್ತಿ ಬರುವುದಿಲ್ಲ, ಯಾಕಂದ್ರೆ ಅದರಲ್ಲಿ ನೀವು ಭಾರತದ ಸಂಬಳವನ್ನೇ ಹಾಕಿರಲಿಲ್ಲ.

ತಪ್ಪು ಆಗಿರುವುದು ಬೇರೆ ಕಡೆ. ಜರ್ಮನಿಯ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್, ನಮ್ಮ ಫಾರಂ 16 ಏಪ್ರಿಲ್‌ನಿಂದ ಮಾರ್ಚ್. ನೀವು ಕಳಿಸಿದ ಮೊದಲನೇ ಫಾರಂನಲ್ಲಿ 2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗಿನ ಹನ್ನೆರಡು ತಿಂಗಳಿದೆ, ಎರಡನೆಯದರಲ್ಲಿ 2024ರ ಏಪ್ರಿಲ್‌ನಿಂದ ಜೂನ್. ಅವರು ಎರಡನ್ನೂ ಕೂಡಿಬಿಟ್ಟಿದ್ದಾರೆ. ಬೇಕಾಗಿದ್ದದ್ದು ಆರು ತಿಂಗಳ ಸಂಬಳ, ಹಿಡಿದದ್ದು ಹದಿನೈದು ತಿಂಗಳದ್ದು! ತಿಂಗಳಿಗೆ ಒಂದೂವರೆ ಲಕ್ಷದಂತೆ 9 ಲಕ್ಷ ಆಗಬೇಕಾದಲ್ಲಿ ಇಪ್ಪತ್ತೆರಡೂವರೆ ಲಕ್ಷ ಆಗಿದೆ. ಯೂರೋಗೆ 90 ರೂಪಾಯಿ ಅಂತ ಇಟ್ಟುಕೊಂಡರೂ 10,000 ಇರಬೇಕಾದ ಕಡೆ 25,000. ಜರ್ಮನಿಯಲ್ಲಿ ತೆರಿಗೆಗೆ ಸಿಗುವ ನಿಮ್ಮ ಆದಾಯ 24,000 ಯೂರೋ. ಭಾರತದ ಸಂಬಳ ಇಲ್ಲದೇ ಇದ್ದಿದ್ದರೆ ಅದಕ್ಕೆ ಸುಮಾರು 2,750 ತೆರಿಗೆ, 10,000 ಸೇರಿಸಿ ದರ ಹಿಡಿದರೆ ಸುಮಾರು 3,950, 25,000 ಸೇರಿಸಿದರೆ ಸುಮಾರು 5,150. ಅಂದರೆ ಬರೀ ಕ್ಯಾಲೆಂಡರಿನ ಗೊಂದಲದಿಂದ ನಿಮ್ಮ ಕೈಯಿಂದ 1,200 ಯೂರೋ ಹೋಗುತ್ತಿದೆ. ಲೆಕ್ಕ ಸರಿಯಾದರೆ ಕಟ್ಟುವುದಿರಲಿ, ಸಾವಿರದ ಹತ್ತಿರ ವಾಪಸ್ ಬರಬೇಕು. 2024ರ ಜನವರಿಯಿಂದ ಜೂನ್‌ವರೆಗಿನ ಆರು ಸಂಬಳ ಚೀಟಿಗಳನ್ನು ಹಳೆಯ ಕಂಪನಿಯಿಂದ ತರಿಸಿಕೊಳ್ಳಿ. ಅವೇ ನಿಮ್ಮ ಸಾಕ್ಷಿ.

ಗಡುವು ಒಂದೇ ತಿಂಗಳು. 2025ರಿಂದ, ಅಂಚೆಗೆ ಹಾಕಿದ ನಾಲ್ಕನೇ ದಿನ ಕಾಗದ ನಿಮಗೆ ಮುಟ್ಟಿತು ಅಂತ ಹಿಡಿಯುತ್ತಾರೆ. ನವೆಂಬರ್ 6ರ ಕಾಗದ 10ಕ್ಕೆ ಮುಟ್ಟಿದಂತೆ, ಡಿಸೆಂಬರ್ 10 ಕೊನೇ ದಿನ. ನಾನೂ ಕೆಲವು ವರ್ಷ ಆ ದೇಶದಲ್ಲಿದ್ದೆ. ತಂಗಿಯ ಮದುವೆಗೆ ಊರಿಗೆ ಬಂದಾಗ ಇಂಥದೇ ಕಾಗದ ಐದು ವಾರ ಅಂಚೆ ಡಬ್ಬಿಯಲ್ಲಿ ಕೂತಿತ್ತು, ತಪ್ಪು ಕಣ್ಣಿಗೆ ಕಾಣುವಂತಿದ್ದರೂ ಏನೂ ಮಾಡಲಾಗಲಿಲ್ಲ. ಭಾಷೆ ಅರ್ಥವಾಗಲಿಲ್ಲ ಅನ್ನುವುದೂ ಸಾಮಾನ್ಯವಾಗಿ ನಡೆಯುವುದಿಲ್ಲ. ಅದಕ್ಕೇ ಸಂಬಳ ಚೀಟಿ ಬರಲಿ ಅಂತ ಕಾಯಬೇಡಿ. ನಿಮ್ಮ ಹೆಸರು, ತೆರಿಗೆ ಸಂಖ್ಯೆ, ಕಾಗದದ ತಾರೀಖು, "ಇದಕ್ಕೆ ಐನ್‌ಶ್ಪ್ರುಖ್ ಹಾಕುತ್ತಿದ್ದೇನೆ, ಕಾರಣ ಆಮೇಲೆ ಕಳಿಸುತ್ತೇನೆ" ಅನ್ನುವ ಎರಡು ಸಾಲು, ಜರ್ಮನ್‌ನಲ್ಲಿ, ಸಾಕು. ತೆರಿಗೆ ಇಲಾಖೆಯ ಆನ್‌ಲೈನ್ ತಾಣ ಎಲ್‌ಸ್ಟರ್‌ನಲ್ಲಿ ಹಾಕಿದರೆ ಕಳಿಸಿದ ದಾಖಲೆ ಉಳಿಯುತ್ತದೆ. ಸುಮ್ನೆ ಫೋನ್ ಮಾಡಿ ಹೇಳಿದರೆ ಅದು ಆಕ್ಷೇಪ ಅಲ್ಲ.

ಆಕ್ಷೇಪ ಹಾಕಿದ ಮಾತ್ರಕ್ಕೆ ಆ 220 ಕಟ್ಟುವುದು ತಪ್ಪುವುದಿಲ್ಲ. ತಡೆಹಿಡಿಯಿರಿ ಅಂತ ಬೇರೆಯಾಗಿ ಕೇಳಬೇಕು, ಮತ್ತು ಕೊನೆಗೆ ನೀವು ಸೋತರೆ ತಿಂಗಳಿಗೆ ಶೇಕಡಾ 0.5 ಬಡ್ಡಿ. ಇಷ್ಟು ಸಣ್ಣ ಮೊತ್ತಕ್ಕೆ ನಾನಾಗಿದ್ದರೆ ಕಟ್ಟಿಬಿಟ್ಟು ಆಮೇಲೆ ವಾಪಸ್ ತೊಗೊಳ್ಳುತ್ತಿದ್ದೆ.

ಇನ್ನೊಂದು ಮಾತು. ಆಕ್ಷೇಪ ಹಾಕಿದರೆ ಅವರು ಇಡೀ ಲೆಕ್ಕ ಮತ್ತೆ ತೆರೆಯಬಹುದು, ನಿಮಗೆ ನಷ್ಟವಾಗುವ ತಪ್ಪು ಸಿಕ್ಕರೆ ಅದನ್ನೂ ತಿದ್ದಬಹುದು. ಆದರೆ ಹಾಗೆ ತಿದ್ದುವ ಮೊದಲೇ ಅವರು ನಿಮಗೆ ತಿಳಿಸಲೇಬೇಕು, ಆಗ ನೀವು ಆಕ್ಷೇಪ ಹಿಂದಕ್ಕೆ ತೊಗೊಳ್ಳಬಹುದು. ಅವರು ಒಪ್ಪದೆ ಲಿಖಿತವಾಗಿ ತಳ್ಳಿಹಾಕಿದರೆ, ತೆರಿಗೆ ಕೋರ್ಟಿಗೆ ಹೋಗಲು ಮತ್ತೆ ಒಂದು ತಿಂಗಳು. ಒಬ್ಬರೇ ಓಡಾಡಲು ಕಷ್ಟ ಅನಿಸಿದರೆ ಲೋನ್‌ಸ್ಟೊಯರ್‌ಹಿಲ್ಫೆ ಅನ್ನುವ ತೆರಿಗೆ ನೆರವಿನ ಸಂಘಗಳಿವೆ, ಸಂಬಳದವರಿಗೇ ಇರುವಂಥವು, ವರ್ಷದ ಚಂದಾ ಕಟ್ಟಿ ಸದಸ್ಯರಾದರೆ ಆಕ್ಷೇಪವನ್ನೂ ಅವರೇ ಬರೆಯುತ್ತಾರೆ.

ಅಮ್ಮನಿಗೆ ತಿಂಗಳು ತಿಂಗಳು ದುಡ್ಡು ಕಳಿಸುತ್ತೀರಿ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ, ಆದರೆ ಲೆಕ್ಕದಲ್ಲಿ ಅದನ್ನು ತೋರಿಸಿಯೇ ಇಲ್ಲ. ಅವರಿಗೆ ಬೇರೆ ಆಧಾರ ಇಲ್ಲದಿದ್ದರೆ ಅದಕ್ಕೂ ವಿನಾಯಿತಿ ಉಂಟು. ಭಾರತದಲ್ಲಿರುವವರಿಗೆ ಜರ್ಮನಿಯ ಮಿತಿಯ ಕಾಲು ಭಾಗ ಮಾತ್ರ, 2024ಕ್ಕೆ ಇಡೀ ವರ್ಷಕ್ಕೆ 2,946 ಯೂರೋ. ನೀವು ಕಳಿಸಲು ಶುರುಮಾಡಿದ ತಿಂಗಳಿನಿಂದ ಮಾತ್ರ ಲೆಕ್ಕ. ಅಮ್ಮನ ಆದಾಯದ ಬಗ್ಗೆ ಊರಿನ ಅಧಿಕಾರಿಯಿಂದ ಸಹಿ ಮಾಡಿಸಿದ ಫಾರಂ ಬೇಕು, ಅದು ಬರಲು ವಾರಗಟ್ಟಲೆ ಆಗಬಹುದು, ಇವತ್ತೇ ಮನೆಗೆ ಕಳಿಸಿ. 2025ರಿಂದ ಅವರ ಖಾತೆಗೆ ಬ್ಯಾಂಕಿನ ಮೂಲಕ ಹೋದ ದುಡ್ಡನ್ನು ಮಾತ್ರ ಒಪ್ಪುತ್ತಾರೆ, ಊರಿಗೆ ಹೋಗುವ ಗೆಳೆಯರ ಕೈಲಿ ಕೊಟ್ಟದ್ದು ಲೆಕ್ಕಕ್ಕಿಲ್ಲ. ಈ ವಿಷಯವನ್ನೂ ಅದೇ ಆಕ್ಷೇಪದಲ್ಲಿ ಸೇರಿಸಿ.