ಆಟಿಯ ಮಳೆಯಲ್ಲಿ ಕಾರ್ನ್ ಸ್ನೇಕ್ ಮರಿ: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ಮಗ ಹಟ ಹಿಡಿದು ಕಾರ್ನ್ ಸ್ನೇಕ್ ಎಂಬ ವಿಷವಿಲ್ಲದ ವಿದೇಶಿ ಹಾವಿನ ಮರಿ ತರಿಸಿಕೊಂಡಿದ್ದಾನೆ. ಕಿತ್ತಳೆ ಬಣ್ಣ, ಒಂದಡಿಯೂ ಇಲ್ಲ. ಬಂದು ಹತ್ತು ದಿನವಾದರೂ ಏನೂ ತಿಂದಿಲ್ಲ. ಮೂರಡಿಯ ಗಾಜಿನ ತೊಟ್ಟಿ, ತೆಂಗಿನ ನಾರಿನ ಪುಡಿ, ಅಡಿಗೆ ಹೀಟ್ ಮ್ಯಾಟ್, ದಿನಕ್ಕೆರಡು ಸಲ ನೀರಿನ ಸ್ಪ್ರೇ, ಎಲ್ಲ ವೀಡಿಯೊದಲ್ಲಿ ಹೇಳಿದ ಹಾಗೇ ಮಾಡಿದ್ದಾನೆ. ದಿನಾ ಕೈಯಲ್ಲಿ ಹಿಡಿದು ಆಡಿಸುತ್ತಾನೆ. ಮರಿಗೆ ಏನಾಗಿದೆ?
(ಒಬ್ಬ ತಾಯಿ, ಕದ್ರಿ, ಮಂಗಳೂರು)

ಉತ್ತರ: ಅಮ್ಮಾ, ಮರಿಗೆ ಹೆದರಿಕೆ ಆಗಿದೆ, ಅಷ್ಟೇ. ಆ ವೀಡಿಯೊ ಮಾಡಿದವರು ಚಳಿ ದೇಶದವರು. ಹೀಟರ್ ಹಾಕಿದ ಅವರ ಕೋಣೆಯಲ್ಲಿ ಗಾಳಿ ಒಣಗಿಹೋಗುತ್ತದೆ, ಅದಕ್ಕೆ ಸ್ಪ್ರೇ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್‌ನ ಮಳೆಯಲ್ಲಿ) ನಮ್ಮ ಚಾವಡಿಯಲ್ಲಿ ಹಾಕಿದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಹಾವಿಗೆ ನೀರು ಚಿಮುಕಿಸುವುದು ಯಾಕೆ?

ಕಾರ್ನ್ ಸ್ನೇಕಿನ ಊರು ಅಮೆರಿಕದ ಆಗ್ನೇಯ ಭಾಗ. ಫ್ಲೋರಿಡಾದಲ್ಲೂ ಸೆಕೆಯಿದೆ, ಮಳೆಯಿದೆ. ಹಾಗಾಗಿ ಕರಾವಳಿಯ ಗಾಳಿಯನ್ನು ಅದು ತಡೆದುಕೊಳ್ಳುತ್ತದೆ. ತಡೆಯಲಾರದ್ದು ಗಾಳಿಯಾಡದ ಪೆಟ್ಟಿಗೆಯನ್ನು ಮತ್ತು ಸದಾ ಒದ್ದೆಯಾಗಿರುವ ನೆಲವನ್ನು. ನಾರಿನ ಪುಡಿ ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಅದರ ಮೇಲೇ ಮಲಗಿದ ಹಾವಿನ ಹೊಟ್ಟೆಯ ಹುರುಪೆ ಕೆಂಪಾಗಿ, ನೀರುಗುಳ್ಳೆ ಎದ್ದು, ಕೊಳೆಯುತ್ತದೆ. ಮಳೆಗಾಲದಲ್ಲಿ ನನ್ನ ಹತ್ತಿರ ಬರುವ ಸಾಕುಹಾವುಗಳಲ್ಲಿ ಹೆಚ್ಚು ನೋಡುವುದು ಇದನ್ನೇ. ಈವತ್ತೇ ಆ ಪುಡಿ ತೆಗೆದು ಹಳೇ ಪೇಪರ್ ಹಾಸಿ. ಒದ್ದೆಯಾದರೆ ಬದಲಿಸಿ. ನೋಡಲು ಚಂದವಿಲ್ಲ ಎಂದು ಮಗ ಮುಖ ಸಿಂಡರಿಸಿದರೆ ಸಿಂಡರಿಸಲಿ.

ಮೂರಡಿಯ ತೊಟ್ಟಿ ಈಗ ಬೇಡ. ಕಾಡಿನಲ್ಲಿ ಈ ಗಾತ್ರದ ಮರಿಯನ್ನು ಹಕ್ಕಿಯಿಂದ ಹಿಡಿದು ದೊಡ್ಡ ಹಾವಿನವರೆಗೆ ಎಲ್ಲರೂ ತಿನ್ನುವವರೇ, ಬಯಲಾದ ಜಾಗದಲ್ಲಿ ಅದು ಬಾಯಿ ತೆರೆಯುವುದಿಲ್ಲ. ಐದಾರು ಲೀಟರಿನ ಪ್ಲಾಸ್ಟಿಕ್ ಡಬ್ಬಿ ಸಾಕು. ಮುಚ್ಚಳಕ್ಕೆ ಕ್ಲಿಪ್ ಇರಬೇಕು, ಬದಿಯಲ್ಲಿ ಸಣ್ಣ ತೂತುಗಳಿರಬೇಕು. ತಲೆ ತೂರುವಷ್ಟು ಸಂದು ಸಿಕ್ಕಿದರೆ ಮೈಯೂ ತೂರಿತೆಂದೇ ತಿಳಿಯಿರಿ. ಅಡಗಲು ಎರಡು ಗೂಡು, ಒಂದು ಬೆಚ್ಚಗಿನ ಬದಿಗೆ, ಇನ್ನೊಂದು ತಣ್ಣಗಿನ ಬದಿಗೆ. ನೀರಿನ ಬಟ್ಟಲು. ಬೆಚ್ಚಗಿನ ಬದಿ 29–30 ಡಿಗ್ರಿ, ಆಚೆ ಬದಿ 24–25. ಮಳೆಗಾಲದ ರಾತ್ರಿಗೆ ಮ್ಯಾಟ್ ಇರಲಿ, ಆದರೆ ಥರ್ಮೋಸ್ಟಾಟ್ (ಬಿಸಿಯನ್ನು ಹಿಡಿತದಲ್ಲಿಡುವ ಸಾಧನ) ಇಲ್ಲದ ಮ್ಯಾಟ್ ಹಾವಿನ ಹೊಟ್ಟೆ ಸುಡುತ್ತದೆ. ಏಪ್ರಿಲ್‌–ಮೇಯಲ್ಲಿ ಅದನ್ನು ಕಟ್ಟಿ ಅಟ್ಟಕ್ಕೆ ಹಾಕಿ. ಆಗ ಟೆರೇಸಿನ ಕೆಳಗಿನ ಕೋಣೆಯಲ್ಲಿ ಹಾವನ್ನು ಇಡಲೇಬೇಡಿ.

ಹೀಗೆ ಮಾಡಿ ಒಂದು ವಾರ ಯಾರೂ ಮುಟ್ಟಬೇಡಿ. ಮಗನಿಗೆ ಇದೇ ಕಷ್ಟ, ಗೊತ್ತು. ಆಮೇಲೆ ಫ್ರೀಜ್ ಮಾಡಿದ, ಕೂದಲು ಬಾರದ ಸಣ್ಣ ಇಲಿಮರಿ ಒಂದನ್ನು ಫ್ರಿಜ್ಜಿನಲ್ಲಿ ಕರಗಿಸಿ, ಬಿಸಿನೀರಲ್ಲಿ ಬೆಚ್ಚಗೆ ಮಾಡಿ ಕೊಡಿ. ಮೈಕ್ರೋವೇವಿಗೆ ಇಡಬೇಡಿ, ಒಡೆದುಹೋಗುತ್ತದೆ. ತಿನ್ನದಿದ್ದರೆ ಸಣ್ಣದೊಂದು ಡಬ್ಬಿಯಲ್ಲಿ ಹಾವು, ಇಲಿಮರಿ ಎರಡನ್ನೂ ಇಟ್ಟು ರಾತ್ರಿ ಕತ್ತಲಲ್ಲಿ ಬಿಡಿ. ಎಷ್ಟೋ ಹಟಮಾರಿ ಮರಿಗಳು ಹಾಗೆ ಶುರುಮಾಡುತ್ತವೆ. ತಿಂದ ಮೇಲೆ ಎರಡು ದಿನ ಎತ್ತಬೇಡಿ, ಕಕ್ಕಿಬಿಡುತ್ತದೆ. ಕಕ್ಕಿದರೆ ಹತ್ತು ದಿನ ಉಪವಾಸ ಹಾಕಿ, ಮುಂದಿನ ಊಟ ಇನ್ನೂ ಸಣ್ಣದಿರಲಿ. ಇಷ್ಟಾದರೂ ತಿನ್ನದೆ ಮೈ ಬಡಕಲಾಗುತ್ತಾ ಬಂದರೆ, ಬಾಯಿ ತೆರೆದು ಉಸಿರಾಡಿದರೆ, ಮೂಗಿನಲ್ಲಿ ಗುಳ್ಳೆ ಬಂದರೆ ಹಾವು ನೋಡಿ ಗೊತ್ತಿರುವ ವೈದ್ಯರಿಗೆ ತೋರಿಸಿ.

ಅಟ್ಟದಲ್ಲಿ ಬೋನಿಗೆ ಬಿದ್ದ ಇಲಿಯನ್ನಂತೂ ಕೊಡಬೇಡಿ. ಪಾಷಾಣ ತಿಂದ ಇಲಿಯಿಂದ ಹಾವಿಗೆ ಅಪಾಯ, ಅದನ್ನು ಮುಟ್ಟಿದ ನಿಮಗೆ ಇಲಿ ಜ್ವರದ ಅಪಾಯ. ನಮ್ಮ ಜಿಲ್ಲೆಗಳಲ್ಲಿ ಮಳೆಗಾಲಕ್ಕೆ ಇಲಿ ಜ್ವರ ಎಷ್ಟು ಎಂದು ನಿಮಗೇ ಗೊತ್ತು. ಹಾವನ್ನು ಮುಟ್ಟಿದರೂ ಸೋಪು ಹಾಕಿ ಕೈ ತೊಳೆಯಬೇಕು, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಇರಬಹುದು.

ಇನ್ನೊಂದು, ಇರುವೆ. ತಿನ್ನದೆ ಬಿಟ್ಟ ಇಲಿಮರಿಗೆ ಮುತ್ತಿ, ಅಲ್ಲಿಂದ ಹಾವಿನ ಮೈಗೂ ಏರುತ್ತವೆ. ಮೇಜಿನ ಕಾಲುಗಳನ್ನು ನೀರು ತುಂಬಿದ ತಟ್ಟೆಯಲ್ಲಿಡಿ. ಇರುವೆ ಚಾಕ್, ಸೊಳ್ಳೆ ಸ್ಪ್ರೇ ಆ ಕೋಣೆಗೆ ತರಬೇಡಿ.

ಪ್ರಶ್ನೆ: ನನ್ನ ಕಾರ್ನ್ ಸ್ನೇಕಿಗೆ ಒಂದೂವರೆ ವರ್ಷ, ಎರಡೂವರೆ ಅಡಿ ಆಗಿದೆ. ಕಣ್ಣು ಇದ್ದಕ್ಕಿದ್ದಂತೆ ಬಿಳಿ-ನೀಲಿಯಾಗಿದೆ, ಕುರುಡಾಯಿತಾ? ಊಟ ಹೆಚ್ಚು ಕೊಟ್ಟರೆ ಬೇಗ ದೊಡ್ಡದಾಗುತ್ತದಾ?
(ವಿದ್ಯಾರ್ಥಿ, ಮಣಿಪಾಲ)

ಉತ್ತರ: ಕುರುಡಲ್ಲ, ಪೊರೆ ಬಿಡುವ ಹೊತ್ತು. ಕೆಲವು ದಿನದಲ್ಲಿ ಕಣ್ಣು ತಿಳಿಯಾಗಿ, ಆಮೇಲೆ ಪೊರೆ ಕಳಚುತ್ತದೆ. ಅಲ್ಲಿಯವರೆಗೆ ಹಿಡಿಯಬೇಡಿ, ಊಟಕ್ಕೂ ಒತ್ತಾಯಿಸಬೇಡಿ. ಕಳಚಿದ ಪೊರೆಯಲ್ಲಿ ಎರಡು ಕಣ್ಣಿನ ಬಿಲ್ಲೆ ಮತ್ತು ಬಾಲದ ತುದಿ ಬಂದಿದೆಯೇ ನೋಡಿ. ತುದಿಯಲ್ಲಿ ಉಳಿದ ಪೊರೆ ರಕ್ತ ಓಡದಂತೆ ಬಿಗಿಯುತ್ತದೆ.

ಬೇಗ ಬೆಳೆಸಿ ಏನು ಮಾಡುತ್ತೀರಿ ಮಾರಾಯ್ರೇ? ಮರಿಗೆ ಐದರಿಂದ ಏಳು ದಿನಕ್ಕೊಂದು ಊಟ, ಬೆಳೆದ ಹಾವಿಗೆ ಹತ್ತರಿಂದ ಹದಿನಾಲ್ಕು ದಿನಕ್ಕೊಂದು. ಇಲಿ ಹಾವಿನ ಹೊಟ್ಟೆಯ ದಪ್ಪಕ್ಕಿಂತ ತುಸು ಹೆಚ್ಚು ದಪ್ಪವಿದ್ದರೆ ಸಾಕು. ಎರಡು-ಮೂರು ವರ್ಷಕ್ಕೆ ತಾನಾಗಿ ದೊಡ್ಡದಾಗುತ್ತದೆ, ಮೂರರಿಂದ ಐದು ಅಡಿ. ಆಗ ನಾಲ್ಕಡಿ ಉದ್ದದ ಪೆಟ್ಟಿಗೆ ಬೇಕು. ಹೆಚ್ಚು ತಿನ್ನಿಸಿದರೆ ಬೊಜ್ಜು ಬರುತ್ತದೆ. ಇದು ಹದಿನೈದು-ಇಪ್ಪತ್ತು ವರ್ಷ ಬದುಕುವ ಜೀವ. ಕೋರ್ಸ್ ಮುಗಿಸಿ ಬೆಂಗಳೂರಿಗೆ ಹೊರಟಾಗ ಇದು ಯಾರ ಪಾಲಿಗೆ ಎಂದು ಈಗಲೇ ಯೋಚಿಸಿ. ಇಲ್ಲಿನ ಕಾಡಿಗಂತೂ ಬಿಡುವ ಹಾಗಿಲ್ಲ.

ಪ್ರಶ್ನೆ: ತೋಟದಲ್ಲಿ ಕೇರೆ ಮರಿ ಸಿಕ್ಕಿದೆ. ಕಾರ್ನ್ ಸ್ನೇಕಿನ ಜೊತೆಗೇ ಸಾಕಬಹುದೇ?
(ಬ್ರಹ್ಮಾವರ)

ಉತ್ತರ: ಬೇಡ. ನಮ್ಮ ಕಾಡಿನ ಹಾವನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸಿಕ್ಕಿದಲ್ಲೇ ಬಿಟ್ಟುಬಿಡಿ, ನಿಮ್ಮ ತೋಟದ ಇಲಿ ಕಡಿಮೆಯಾದೀತು. ಕಾರ್ನ್ ಸ್ನೇಕ್ ವಿದೇಶಿ ತಳಿಯಾದ್ದರಿಂದ ಅದರ ಲೆಕ್ಕ ಬೇರೆ. ಆದರೂ ಬಿಲ್ ಕೊಡದವರಿಂದ ಕೊಳ್ಳಬೇಡಿ.

ಪ್ರಶ್ನೆ: ನಾಗರಪಂಚಮಿಗೆ ಅತ್ತೆ ನಮ್ಮ ಕಾರ್ನ್ ಸ್ನೇಕಿಗೆ ಹಾಲು ಇಡಬೇಕು ಅನ್ನುತ್ತಾರೆ.
(ಕಾಪು)

ಉತ್ತರ: ಹಾವಿಗೆ ಹಾಲು ಆಹಾರವಲ್ಲ. ಬಾಯಾರಿದ್ದರೆ ಕುಡಿದೀತು, ಆಮೇಲೆ ಹೊಟ್ಟೆ ಕೆಡುತ್ತದೆ. ಅತ್ತೆಯವರು ತನು (ಹಾಲು) ಎರೆಯುವುದು ನಾಗಬನದ ಕಲ್ಲಿಗಲ್ಲವೇ, ಅಲ್ಲೇ ಎರೆಯಲಿ. ಅವರ ಎದುರು ವಾದ ಮಾಡಬೇಡಿ. ಆ ದಿನ ಬೆಳಿಗ್ಗೆಯೇ ಬಟ್ಟಲು ತೊಳೆದು ಹೊಸ ನೀರು ತುಂಬಿ, ಮುಚ್ಚಳದ ಕ್ಲಿಪ್ ಹಾಕಿಡಿ.