ಏಜೆಂಟ್ ಕೇಳಿದ ಎರಡೂವರೆ ಲಕ್ಷ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಲಾಗಿದೆ.)

ರಮ್ಯಾ ದಕ್ಷಿಣ ಕೊಡಗಿನ ಸಣ್ಣ ಕಾಫಿ ತೋಟದ ಮನೆಯವರು. ವಯಸ್ಸು 26. ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್, ಆಮೇಲೆ ಬಿ.ಎಡ್. ಗೋಣಿಕೊಪ್ಪದ ಕಡೆಯ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ನಿದ್ದೆ ಬರುತ್ತಿಲ್ಲ, ಎದೆ ಡವಗುಟ್ಟುತ್ತದೆ ಎಂದು ಆಪ್ತಸಲಹೆಗೆ ನನ್ನ ಬಳಿ ಬಂದಿದ್ದರು. ವೈದ್ಯರಿಗೆ ದೇಹದಲ್ಲಿ ದೋಷವೇನೂ ಕಂಡಿರಲಿಲ್ಲ.

ಮಾತು ಬಿಚ್ಚಿಕೊಂಡಾಗ ವಿಷಯ ತಿಳಿಯಿತು. ಥಾಯ್ಲೆಂಡಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಕೊಡಿಸುತ್ತೇನೆಂದು ಏಜೆಂಟ್ ಒಬ್ಬ ಎರಡೂವರೆ ಲಕ್ಷ ರೂಪಾಯಿ ಕೇಳಿದ್ದ. ಈಗ ಪ್ರವಾಸಿಯಾಗಿ ಹೋಗಿ, ಉಳಿದದ್ದನ್ನು ಅಲ್ಲೇ ಸರಿಮಾಡೋಣ ಎಂದಿದ್ದ. ಬೆಲೆ ಏರಲಿ ಎಂದು ಮನೆಯಲ್ಲಿ ಕೂಡಿಟ್ಟಿದ್ದ ಕರಿಮೆಣಸನ್ನು ಮಾರಲು ತಂದೆ ಸಿದ್ಧರಾಗಿದ್ದರು. ತಾಯಿಯದು ಒಂದೇ ಮಾತು, ಮೊದಲು ಮದುವೆ.

"ಹೋದ ಮೇಲೆ ಸರಿಹೋಗದಿದ್ದರೆ ಯಾವ ಮುಖ ಇಟ್ಟುಕೊಂಡು ವಾಪಸ್ ಬರಲಿ ಮೇಡಂ?" ಎಂದರು ರಮ್ಯಾ. ನಿದ್ದೆ ಕೆಡಿಸಿದ್ದು ಈ ಪ್ರಶ್ನೆ. ಅಪ್ಪನ ಮೆಣಸು ಮಾರಿ ಹೋದವಳು ಎಂಥ ಕೆಟ್ಟ ಕೆಲಸವನ್ನಾದರೂ ಸಹಿಸಿಕೊಂಡು ಇರುತ್ತಾಳೆ. ಏಜೆಂಟರಿಗೆ ಬೇಕಾದದ್ದೂ ಅದೇ. ಹಾಗಾಗಿ ಯಾವ ದೇಶ ಎಂಬ ಚರ್ಚೆಯನ್ನು ಬದಿಗಿಟ್ಟು, ವಾಪಸ್ ಬರುವ ಟಿಕೆಟ್‌ಗೆ ತಮ್ಮದೇ ಹಣ ಕೂಡಿಡುವುದರಿಂದ ಆರಂಭಿಸಲು ಹೇಳಿದೆ.

ಏಜೆಂಟನ ವಿಚಾರದಲ್ಲಿ ನಾನು ಮೆತ್ತಗೆ ಮಾತನಾಡಲಿಲ್ಲ. 1983ರ ವಲಸೆ ಕಾಯ್ದೆಯಡಿ ನೋಂದಣಿ ಇಲ್ಲದವರು ವಿದೇಶಿ ಉದ್ಯೋಗಕ್ಕೆ ಜನರನ್ನು ಕಳುಹಿಸುವಂತಿಲ್ಲ. ನೋಂದಾಯಿತರೂ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ. ಅದಕ್ಕೂ ರಸೀದಿ ಕೊಡಬೇಕು. ನೋಂದಣಿಯನ್ನು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ನನ್ನೆದುರೇ ಹುಡುಕಿದೆವು. ಆತನ ಹೆಸರಾಗಲಿ ಸಂಸ್ಥೆಯ ಹೆಸರಾಗಲಿ ಸಿಗಲಿಲ್ಲ.

ಥಾಯ್ಲೆಂಡಿನಲ್ಲಿ ಕಲಿಸಲು ನಾನ್-ಇಮಿಗ್ರಂಟ್ ಬಿ ಎಂಬ ಉದ್ಯೋಗ ವೀಸಾ ಮತ್ತು ಕೆಲಸದ ಪರವಾನಗಿ ಬೇಕು. ಪ್ರವಾಸಿಯಾಗಿ ಹೋಗಿ ದುಡಿಯುವುದು ಅಲ್ಲಿ ಅಪರಾಧ. ಐಟಿ ಕೆಲಸವೆಂದು ಥಾಯ್ಲೆಂಡಿಗೆ ಕರೆಸಿಕೊಂಡು ಮ್ಯಾನ್ಮಾರ್‌ಗೆ ಸಾಗಿಸುವ ಜಾಲದ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಸಿತ್ತು. ಇದನ್ನು ಹೇಳಿದಾಗ ರಮ್ಯಾ ಬಹಳ ಹೊತ್ತು ಮಾತನಾಡಲಿಲ್ಲ.

ಇನ್ನೊಂದು ನೋವೂ ಇತ್ತು. ಅವರ ಆಸೆಯ ದೇಶ ದಕ್ಷಿಣ ಕೊರಿಯಾ. ಇಂಗ್ಲಿಷ್ ಶಿಕ್ಷಕರಿಗಾಗಿ ಅಲ್ಲಿ ಕೊಡುವ ಜಾಹೀರಾತುಗಳಲ್ಲಿ ಅಮೆರಿಕ, ಬ್ರಿಟನ್ ಮುಂತಾದ ಏಳು ದೇಶಗಳ ಪಾಸ್‌ಪೋರ್ಟ್ ಕೇಳುತ್ತಾರೆ. ಭಾರತ ಆ ಪಟ್ಟಿಯಲ್ಲಿಲ್ಲ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ವ್ಯಾಪಾರ ಒಪ್ಪಂದದಿಂದ ಶಿಕ್ಷಕ ಅರ್ಹತೆಯುಳ್ಳ ಭಾರತೀಯರಿಗೆ ಕಿರುದಾರಿಯೊಂದು ಇದೆಯಾದರೂ ಅದನ್ನೇ ನಂಬಿ ಕೂರುವಂತಿಲ್ಲ. ರಮ್ಯಾ ಇದನ್ನು ತಮ್ಮ ಉಚ್ಚಾರಣೆಯ ಕೊರತೆ ಎಂದುಕೊಂಡು, ವಿಡಿಯೊ ನೋಡಿ ಅಮೆರಿಕನ್ನರಂತೆ ಮಾತನಾಡಲು ಅಭ್ಯಾಸ ಮಾಡುತ್ತಿದ್ದರು. ಪಾಸ್‌ಪೋರ್ಟಿನ ನಿಯಮಕ್ಕೆ ನಾಲಿಗೆಯನ್ನು ದಂಡಿಸಿ ಫಲವೇನು?

ಎಂಟನೇ ತರಗತಿಗೆ ಇಂಗ್ಲಿಷ್ ಕಾಲಗಳನ್ನು (ಟೆನ್ಸ್) ಹೇಗೆ ಕಲಿಸುತ್ತೀರಿ ಎಂದು ಕೇಳಿದೆ. ಹಾಳೆ ಎಳೆದುಕೊಂಡು ಗೆರೆ ಹಾಕಿದರು: ಇಲ್ಲಿ ಕಾಫಿ ಅರಳಿಸುವ ಹೂಮಳೆ, ಇಲ್ಲಿ ಕಾಯಿ, ಇಲ್ಲಿ ಕೊಯ್ಲು. ತೋಟದ ಕಾರ್ಮಿಕರ ಲೈನ್‌ಮನೆಗಳಿಂದ ಬರುವ ಮಕ್ಕಳಿಗೂ ಈ ಗೆರೆ ಥಟ್ಟನೆ ಹಿಡಿಸುತ್ತದಂತೆ. ಹೇಳುವಾಗ ಎದೆಬಡಿತದ ನೆನಪೇ ಅವರಿಗಿರಲಿಲ್ಲ. ಮಾರಬೇಕಾದ್ದು ಮೆಣಸನ್ನಲ್ಲ, ಈ ಕಸುಬನ್ನು ಎಂದೆ.

ಬಿ.ಎಡ್. ಇರುವವರಿಗೆ ಕೊಲ್ಲಿ ದೇಶಗಳ ಭಾರತೀಯ ಪಠ್ಯಕ್ರಮದ ಶಾಲೆಗಳಿವೆ. ಮಾಲ್ಡೀವ್ಸ್‌ಗೂ ನಮ್ಮ ಶಿಕ್ಷಕರು ಬಹಳ ಹಿಂದಿನಿಂದ ಹೋಗುತ್ತಿದ್ದಾರೆ. ಶಾಲೆಗಳಿಗೇ ನೇರವಾಗಿ ಅರ್ಜಿ ಹಾಕಲು ತಿಳಿಸಿದೆ. ಪದವಿ ಪತ್ರಕ್ಕೆ ಮೊದಲು ರಾಜ್ಯ ಮಟ್ಟದ ದೃಢೀಕರಣ, ಬಳಿಕ ವಿದೇಶಾಂಗ ಸಚಿವಾಲಯದ್ದು. ಯುಎಇಯಂಥ ದೇಶಕ್ಕಾದರೆ ರಾಯಭಾರ ಕಚೇರಿಯದ್ದೂ ಬೇಕು. ಪೊಲೀಸ್ ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ. ಮೂಲ ಅಂಕಪಟ್ಟಿಗಳನ್ನು ಯಾವ ಏಜೆಂಟನ ಕೈಗೂ ಕೊಡಕೂಡದು. ಲಿಖಿತ ಕರಾರಿನಲ್ಲಿ ಸಂಬಳ, ವಸತಿ, ವಾಪಸಾತಿ ಟಿಕೆಟ್ ಇವೆಯೇ ಎಂದು ನೋಡದೆ ಈಗಿನ ಕೆಲಸಕ್ಕೆ ರಾಜೀನಾಮೆ ಬೇಡ ಎಂದೂ ಹೇಳಿದೆ.

ಎರಡನೇ ಭೇಟಿಗೆ ತಂದೆಯೂ ಬಂದರು. ಮೆಣಸು ಮಾರಿಲ್ಲ, ಏಜೆಂಟನ ಫೋನ್ ಎತ್ತುತ್ತಿಲ್ಲ ಎಂದರು. ರಮ್ಯಾ ಎರಡು ಶಾಲೆಗಳಿಗೆ ಅರ್ಜಿ ಹಾಕಿದ್ದಾರೆ, ಉತ್ತರ ಬಂದಿಲ್ಲ, ನಿದ್ದೆ ಪರವಾಗಿಲ್ಲ. ಮದುವೆಯ ಮಾತು ಹಾಗೇ ಉಳಿದಿದೆ. ಅದಕ್ಕೆ ತಾಯಿಯೇ ಬರಬೇಕೆಂದು ಹೇಳಿ ಕಳುಹಿಸಿದ್ದೇನೆ.